ಅಕ್ಕನ ಹತ್ತು ನಿಮಿಷ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಔಷಧದ ಉಗ್ರಾಣಕ್ಕೂ ಲಿಫ್ಟಿನ ಯಂತ್ರಕ್ಕೂ ನಡುವೆ, ಕಿಟಕಿಯಿಲ್ಲದ ಒಂದು ಕೋಣೆಯಿದೆ. ಅಲ್ಲಿ ಕುಳಿತು ದುಡಿಯುವಾತನನ್ನು ಆಸ್ಪತ್ರೆಗೆ ಆಸ್ಪತ್ರೆಯೇ ಬೀಗದಣ್ಣ ಎಂದು ಕರೆಯುತ್ತದೆ. ಅವನ ಬಳಿ ಬೀಗವೂ ಇಲ್ಲ, ಕೀಲಿಗೊಂಚಲೂ ಇಲ್ಲ. ಕಂಪ್ಯೂಟರಿನ ಮುಂದೆ ಕುಳಿತವರು ತಮ್ಮ ಹೆಸರು ಬರೆದು, ಪಾಸ್‌ವರ್ಡ್ ಬರೆದು, ಆದರೂ ಯಂತ್ರವು ‘ನೀನು ಯಾರೋ ನಾನರಿಯೆ’ ಎಂಬಂತೆ ಮುಖಕ್ಕೆ ಬಾಗಿಲು ಹಾಕಿದಾಗ ಓಡಿಬರುವುದು ಅವನಲ್ಲಿಗೆ. ತಲೆ ನರೆತ ವೈದ್ಯರೂ ಬರುತ್ತಾರೆ, ನಿನ್ನೆ ಸೇರಿದ ನರ್ಸೂ ಬರುತ್ತಾಳೆ. ತಾನು ತಾನೇ ಎಂದು ಸಾಬೀತುಪಡಿಸಲಾಗದೆ ಹೊರಗೆ ನಿಲ್ಲುವ ಅವಮಾನ ಸಣ್ಣದಲ್ಲ ಎಂಬುದನ್ನು ಅವನು ಚೆನ್ನಾಗಿ ಬಲ್ಲ. ಆದ್ದರಿಂದ ಯಾರನ್ನೂ ಅವನು ಗದರಿಸಿದ್ದಿಲ್ಲ. “ಬಾಗಿಲು ಇದೆ ಅಂದ್ಮೇಲೆ ತೆಗೆಯೋಕೂ ಬರುತ್ತೆ, ಕೂತ್ಕೊಳ್ಳಿ” ಎನ್ನುವನು.

ಅವನ ಇನ್ನೊಂದು ಗುಣವನ್ನೂ ಇಲ್ಲಿಯೇ ಹೇಳಿಬಿಡಬೇಕು. ಅವನು ಎಲ್ಲಿಗೂ ತಡವಾಗಿ ಹೋದವನಲ್ಲ. ಅವನ ಕೈಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತಿತ್ತು. ಅದು ಕೆಟ್ಟು ಓಡುತ್ತಿದ್ದುದಲ್ಲ. ಬೇಕೆಂದೇ ಹಾಗೆ ಇಟ್ಟದ್ದು, ಅಕ್ಕ ಕಲಿಸಿದ್ದು. ತಾಯಿ ತೀರಿಕೊಂಡಾಗ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗು. ಅಕ್ಕ ಎರಡು ಜಡೆಯ ಹುಡುಗಿ. ತಂದೆ ಕಾವಲು ಕೆಲಸ ಮುಗಿಸಿ ಬಂದು ಮಲಗುವ ಹೊತ್ತಿಗೆ ಇವನನ್ನು ಎಬ್ಬಿಸಿ, ಮೀಯಿಸಿ, ಉಣಿಸಿ, ಶಾಲೆಗೆ ಬಿಟ್ಟು, ತಾನೂ ಶಾಲೆ ಮುಟ್ಟಬೇಕಾಗಿತ್ತು. ಎರಡು ಸಲ ತಡವಾಗಿ ಇಬ್ಬರೂ ಹೊರಗೆ ನಿಂತರು. ಮೂರನೆಯ ದಿನ ಅವಳು ಕುರ್ಚಿ ಹತ್ತಿ ಗೋಡೆಯ ಗಡಿಯಾರದ ಮುಳ್ಳನ್ನು ಮುಂದಕ್ಕೆ ತಳ್ಳಿದಳು. “ನೋಡು ಪುಟ್ಟ, ಈ ಹತ್ತು ನಿಮಿಷ ನಮ್ಮದು. ಇದನ್ನ ಯಾರಿಗೂ ಕೊಡಬಾರದು” ಎಂದಳು. ಅಂದಿನಿಂದ ಆ ಮನೆಯಲ್ಲಿ ಯಾರೂ ಹೊರಗೆ ನಿಲ್ಲಲಿಲ್ಲ. ತಾಯಿಯ ಕರುಣೆಯನ್ನು ದೇವರು ಹಿಂತೆಗೆದುಕೊಂಡ ಮನೆಯಲ್ಲಿ ಹತ್ತು ನಿಮಿಷದ ಕರುಣೆಯನ್ನು ಒಬ್ಬ ಹುಡುಗಿ ತನ್ನ ಕೈಯಿಂದ ಮಾಡಿಟ್ಟಳು.

ಪುಟ್ಟ ಬೆಳೆದ, ಓದಿದ, ಮದುವೆಯಾದ, ಬೀಗದಣ್ಣನಾದ. ಅಕ್ಕ ಮದುವೆಯಾಗಲಿಲ್ಲ. ದೊಡ್ಡಾಸ್ಪತ್ರೆಗೆ ರಸ್ತೆಯಾಚೆ ಎದುರಾಗಿದ್ದ ಚಿಕ್ಕಾಸ್ಪತ್ರೆಯಲ್ಲಿ ಬಟ್ಟೆಕೋಣೆಯ ಕೆಲಸಕ್ಕೆ ಸೇರಿದಳು. ರೋಗಿಗಳ ಹೊದಿಕೆ, ಹಾಸಿಗೆ ಬಟ್ಟೆ, ವೈದ್ಯರ ನಿಲುವಂಗಿ, ಎಲ್ಲವನ್ನೂ ಒಗೆಸಿ, ಇಸ್ತ್ರಿ ಮಾಡಿಸಿ, ಎಣಿಸಿ ವಾರ್ಡಿಗೆ ಕಳುಹಿಸುವ ಹೊಣೆ ಅವಳದು. ಅಲ್ಲಿಯೂ ಪಾಳಿ ಬದಲಾಗುವಾಗ ತಡವಾಗಿ ಬರುವವರ ಕಾಟವಿತ್ತು. ಒಮ್ಮೆ ರಾತ್ರಿಯ ನರ್ಸು ಹೊರಟು ಹಗಲಿನ ನರ್ಸು ಬರುವ ಸಂದಿನಲ್ಲಿ ಒಬ್ಬ ರೋಗಿ ಮಂಚದಿಂದ ಬಿದ್ದ. ಆಗ ಅಕ್ಕ ಮೇಟ್ರನ್ನಮ್ಮನ ಬಳಿ ಹೋಗಿ ತನ್ನ ಮನೆಯ ಉಪಾಯವನ್ನು ಹೇಳಿದಳು. ಆ ಮಹಾತಾಯಿಗೆ ಅದು ಹಿಡಿಸಿತು. ಅವರ ಕೋಣೆಯಲ್ಲಿ ಒಂದು ಉಕ್ಕಿನ ಪೆಟ್ಟಿಗೆಯಿತ್ತು. ಗೋಡೆಯ ಗಡಿಯಾರಗಳೆಲ್ಲ, ಪಾಳಿಯ ಗಂಟೆಯೂ ಸಹ, ಅದನ್ನು ಕೇಳಿಯೇ ಹೊತ್ತು ತಿಳಿಯುತ್ತಿದ್ದವು. ಅದನ್ನು ಹತ್ತು ನಿಮಿಷ ಮುಂದಿಟ್ಟು, ಕೀಲಿಯನ್ನು ಅಕ್ಕನ ಕೈಗೆ ಕೊಟ್ಟರು. ಮುಂದೆ ಕಂಪ್ಯೂಟರುಗಳು ಬಂದಾಗ ಅವನ್ನೂ ಅದೇ ಪೆಟ್ಟಿಗೆಗೆ ಜೋಡಿಸಿದರು. ಮೇಟ್ರನ್ನಮ್ಮ ದೇವರ ಪಾದ ಸೇರಿದರು; ಪೆಟ್ಟಿಗೆ ಉಳಿಯಿತು; ಕೀಲಿ ಅಕ್ಕನ ಸೊಂಟದಲ್ಲಿ ಉಳಿಯಿತು.

ಹೀಗಿರಲು ದೊಡ್ಡಾಸ್ಪತ್ರೆಯವರು ಚಿಕ್ಕಾಸ್ಪತ್ರೆಯನ್ನು ಕೊಂಡರು. ವೈದ್ಯರನ್ನೂ ನರ್ಸುಗಳನ್ನೂ ಕೈಹಿಡಿದು ಕರೆದುಕೊಂಡರು. ಬಟ್ಟೆಕೋಣೆ, ಅಡುಗೆಮನೆ, ಗುಡಿಸುವವರು, ಇವರಿಗೆ ಮಾತ್ರ ಒಂದು ಅಪ್ಪಣೆ ಬಂತು: ದೊಡ್ಡಾಸ್ಪತ್ರೆಯ ಒಳಗಿನ ವೆಬ್‌ಪುಟವನ್ನು ತೆರೆದು, ‘ನಾನು ಮುಂದುವರಿಯುತ್ತೇನೆ’ ಎಂಬಲ್ಲಿ ಒತ್ತಬೇಕು. ಶನಿವಾರ ಸಂಜೆ ಐದರೊಳಗೆ ಒತ್ತದವರು ಕೆಲಸ ಬಿಟ್ಟವರೆಂದು ತಿಳಿಯಲಾಗುವುದು. ಅಕ್ಕನ ಪಿಂಚಣಿಗೆ ಇನ್ನೆರಡೇ ವರ್ಷ ಬಾಕಿ. ಒತ್ತಿದರೆ ಅದು ಉಂಟು. ಒತ್ತದಿದ್ದರೆ ಇಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮ.

ಒತ್ತಲು ಪುಟ ತೆರೆಯಬೇಕಲ್ಲ! ತೆರೆಯಲಿಲ್ಲ. ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು, ಕೊಟ್ಟರೆ ಮತ್ತೆ ಕೇಳಿತು. ಅಪ್ಪಣೆ ಬಂದ ಹನ್ನೊಂದು ಮಂದಿಯೂ ಕೂತೆದ್ದರು. ಹನ್ನೊಂದು ಮಂದಿಗೂ ಅದೇ ಗತಿ.

“ನಮ್ಮ ಅತ್ತೆ ಹಂಗೇ ಕಣಕ್ಕಾ ಇದು” ಎಂದಳು ಇಸ್ತ್ರಿಯವಳು. “ಯಾರು, ಯಾರು ಅಂತ ನೂರು ಸಲ ಕೇಳ್ತಾಳೆ. ಹೇಳಿದ್ರೂ ಬಾಗಿಲು ತೆಗೆಯಲ್ಲ.”

“ಬಾಯಿ ಮುಚ್ಕೊಂಡು ಇಸ್ತ್ರಿ ನೋಡು, ಸುಟ್ಟೀತು. ನಮ್ಮ ಪುಟ್ಟನ್ನ ಕರೀತೀನಿ” ಎಂದಳು ಅಕ್ಕ.

ಪುಟ್ಟ ಬಂದ. ಅರ್ಧ ತಲೆ ನರೆತ, ಮೂಗಿನ ತುದಿಗೆ ಕನ್ನಡಕವಿದ್ದ ಪುಟ್ಟನನ್ನು ಕಂಡು ಇಸ್ತ್ರಿಯವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಟ್ಟೆಕೋಣೆಯ ಒಂದೇ ಒಂದು ಕಂಪ್ಯೂಟರಿನ ಮುಂದೆ, ಮಡಿಸಿಟ್ಟ ಹೊದಿಕೆಗಳ ಗೋಡೆಯ ನಡುವೆ, ಕುಳಿತ.

ಸಂಗತಿ ಹೀಗಿತ್ತು. ಎರಡು ಆಸ್ಪತ್ರೆಗಳಿಗೆ ಎರಡು ಬೇರೆ ಬೇರೆ ಜಾಲಗಳು. ಒಂದೊಂದಕ್ಕೂ ತನ್ನದೇ ಜನರ ಹೆಸರು, ತನ್ನದೇ ಬಾಗಿಲುಕಾವಲು. ಚಿಕ್ಕಾಸ್ಪತ್ರೆಯವರು ದೊಡ್ಡಾಸ್ಪತ್ರೆಯ ಪುಟಕ್ಕೆ ಹೋಗಬೇಕಾದರೆ, ಇಲ್ಲಿಯ ಕಾವಲು ‘ಇವರು ನಮ್ಮವರು’ ಎಂದು ಒಂದು ಚೀಟಿ ಕೊಡುತ್ತದೆ. ಅಲ್ಲಿಯ ಕಾವಲು ಅದನ್ನು ನೋಡಿ ಒಳಗೆ ಬಿಡುತ್ತದೆ. ಎರಡು ಕಾವಲುಗಳಿಗೂ ಪರಸ್ಪರ ಒಪ್ಪಂದವಾಗಿರಬೇಕು. ಆ ಒಪ್ಪಂದವನ್ನು ಬೀಗದಣ್ಣನೇ ಮಾಡಿಸಿದ್ದ. ಆದರೂ ಚೀಟಿ ತಿರಸ್ಕೃತವಾಗಿ ಹಿಂದಿರುಗುತ್ತಿತ್ತು.

ಅವನು ಒಪ್ಪಂದವನ್ನು ಮತ್ತೆ ಪರೀಕ್ಷಿಸಿದ, ಸರಿಯಿತ್ತು. ಪುಟದ ವಿಳಾಸವನ್ನು ಗಿಡ್ಡವಾಗಿಯೂ ಉದ್ದವಾಗಿಯೂ ಬರೆದು ನೋಡಿದ. ಎರಡಕ್ಕೂ ಅದೇ ಉತ್ತರ. ಬ್ರೌಸರಿಗೆ ‘ಇದು ನಮ್ಮ ಒಳಗಿನ ಪುಟ, ಇದಕ್ಕೆ ಅಂಜಬೇಡ’ ಎಂದು ಹೇಳಿಕೊಟ್ಟ, ಕೇಳಲಿಲ್ಲ. ಅಕ್ಕನನ್ನು ರಸ್ತೆ ದಾಟಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ತನ್ನ ಕಂಪ್ಯೂಟರಿನ ಮುಂದೆಯೇ ಕೂರಿಸಿದ. ಅವಳ ಹೆಸರು ಚಿಕ್ಕಾಸ್ಪತ್ರೆಯದೇ ಆದ್ದರಿಂದ ಅಲ್ಲಿಯೂ ಬಾಗಿಲು ತೆರೆಯಲಿಲ್ಲ. ಚಿಕ್ಕಾಸ್ಪತ್ರೆಯ ಮುಖ್ಯ ಯಂತ್ರದ ಕೋಣೆಯೊಳಗೆ ಹೋಗೋಣವೆಂದರೆ ಅದಕ್ಕೆ ಬೀಗ. ಅದನ್ನು ನೋಡಿಕೊಳ್ಳುತ್ತಿದ್ದಾತನನ್ನು ಮೊದಲ ವಾರವೇ ಮನೆಗೆ ಕಳುಹಿಸಿಯಾಗಿತ್ತು.

ಒಂದು ಸುಳಿವು ಮಾತ್ರ ಸಿಕ್ಕಿತ್ತು. ಬಟ್ಟೆಕೋಣೆಯ ಕಂಪ್ಯೂಟರು ತನ್ನ ಒಳಗೆ ಬರೆದಿಟ್ಟುಕೊಂಡಿದ್ದ ದೂರುಗಳ ನಡುವೆ, ಎರಡು ಕಡೆಯ ಹೊತ್ತು ಹೊಂದುತ್ತಿಲ್ಲ ಎಂಬ ಒಂದು ಸಾಲಿತ್ತು. ಬೀಗದಣ್ಣ ಅದನ್ನು ಓದಿದ. ಕಂಪ್ಯೂಟರಿನ ಮೂಲೆಯ ಗಡಿಯಾರವನ್ನು ನೋಡಿದ. ಗೋಡೆಯ ಗಡಿಯಾರವನ್ನು ನೋಡಿದ. ತನ್ನ ಮಣಿಕಟ್ಟನ್ನು ನೋಡಿಕೊಂಡ. ಮೂರೂ ಒಂದೇ ಹೊತ್ತು ಹೇಳಿದವು. ಮೂರು ಸಾಕ್ಷಿ ಕೂಡಿದ ಮೇಲೆ ಇನ್ನೇನು ವಿಚಾರಣೆ? ಆ ಸಾಲನ್ನು ಯಂತ್ರದ ಬಡಬಡಿಕೆಯೆಂದು ಬಿಟ್ಟುಬಿಟ್ಟ.

ತನ್ನ ಗಡಿಯಾರ ಮುಂದಿದೆ ಎಂಬುದು ಅವನಿಗೆ ತಿಳಿಯದೆ? ತಿಳಿದಿತ್ತು. ದೊಡ್ಡಾಸ್ಪತ್ರೆಯಲ್ಲಿದ್ದಾಗ ಅವನ ಕಣ್ಣು ತಾನಾಗಿ ಹತ್ತನ್ನು ಕಳೆದು ಓದುತ್ತಿತ್ತು. ಆದರೆ ಅಕ್ಕನ ಬಳಿ ಕುಳಿತಾಗ ಅವನು ಎಂದೂ ಕಳೆದವನಲ್ಲ. ಅಕ್ಕನಿದ್ದಲ್ಲಿ ಹೊತ್ತೆಂದರೆ ಅದೇ ಹೊತ್ತು. ಚಿಕ್ಕಾಸ್ಪತ್ರೆಯ ಪೆಟ್ಟಿಗೆಯ ಕಥೆಯನ್ನೂ ಅವಳು ಎಂದೋ ಹೇಳಿದ್ದಳು. ಮೀನಿಗೆ ನೀರಿನ ನೆನಪಿರುವಷ್ಟೇ ಅವನಿಗೂ ಅದರ ನೆನಪಿತ್ತು.

ಶುಕ್ರವಾರ ಅವನು ಆಡಳಿತಾಧಿಕಾರಿಗಳ ಕೋಣೆಗೆ ಹೋಗಿ ನಿಂತ. ಅವರು ಕೆಟ್ಟವರಲ್ಲ; ಕೇಳುವಾಗ ಪೆನ್ನನ್ನು ಕೆಳಗಿಡುವಷ್ಟು ಸೌಜನ್ಯವಿದ್ದವರು.

“ಸರ್, ಎರಡು ದಿನ ಮುಂದಕ್ಕೆ ಹಾಕಿದ್ರೆ...”

“ಯಾಕೆ? ನರ್ಸುಗಳದ್ದೆಲ್ಲ ಆಯ್ತಲ್ಲ.”

“ಅವರಿಗೆ ನಮ್ಮ ಕಡೆ ಹೊಸ ಹೆಸರು ಕೊಟ್ವಿ ಸರ್. ಇವರದ್ದು ಹಳೇ ಹೆಸರು. ಇವರಿಗೂ ಹೊಸದು ಕೊಟ್ಟುಬಿಡ್ಲಾ?”

“ಕೊಟ್ರೆ ಹೊಸದಾಗಿ ಸೇರಿದಂಗೆ ಆಗುತ್ತೆ, ಹಳೇ ಸೇವೆ ಹೋಗುತ್ತೆ. ಆಮೇಲೆ ನಿಮ್ಮನ್ನೇ ಬೈತಾರೆ. ನೋಡಿ, ದೋಷ ನಮ್ಮ ಕಡೆಯದು ಅಂತ ನೀವು ಹೇಳಿದ್ರೆ, ಸೋಮವಾರ ಇನ್ನೊಂದು ದಿನ ತೆರೆಯೋಣ. ಅವರ ಕಡೆಯದು ಅಂದ್ರೆ ನಾನೇನು ಮಾಡ್ಲಿ? ಮೊದಲು ಪತ್ತೆ ಮಾಡಿ.”

ಶನಿವಾರ ಮಧ್ಯಾಹ್ನದಿಂದ ಅವನು ಬಟ್ಟೆಕೋಣೆ ಬಿಟ್ಟು ಕದಲಲಿಲ್ಲ. ಹನ್ನೊಂದು ಮಂದಿಯೂ ಕೆಲಸದ ನಡುನಡುವೆ ಬಂದು ಅವನ ಬೆನ್ನ ಹಿಂದೆ ನಿಂತು, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಅಡುಗೆಯವನೊಬ್ಬ, “ಅಣ್ಣಾ, ಒಗ್ಗರಣೆ ಸೀದಿರೋ ವಾಸನೆ ಬರ್ತಿದೆ ಇದ್ರೊಳಗೆ” ಎಂದ. ಯಾರೂ ನಗಲಿಲ್ಲ. ಅಕ್ಕ ಮಾತ್ರ ಒಂದೇ ಸಮನೆ ಹೊದಿಕೆ ಮಡಿಸುತ್ತಿದ್ದಳು. ಅಂಚಿಗೆ ಅಂಚು, ಮೂಲೆಗೆ ಮೂಲೆ. ನಡುವೆ ಒಮ್ಮೆ ತುಟಿ ಅಲುಗಿತು. ಅವಳು ಪ್ರಾರ್ಥಿಸುತ್ತಿದ್ದಾಳೆಂದು ತಮ್ಮನಿಗೆ ತಿಳಿಯಿತು. ಅವನೂ ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡೇ ಮನಸ್ಸಿನಲ್ಲಿ ಬೇಡಿಕೊಂಡ. ಎರಡು ಪ್ರಾರ್ಥನೆಗಳೂ ಆ ಕೋಣೆಯ ಸೂರನ್ನು ದಾಟಿದವೋ ಇಲ್ಲವೋ, ಬಲ್ಲವನೊಬ್ಬನೇ ಬಲ್ಲ.

ಪಾಳಿಯ ಗಂಟೆ ಹೊಡೆಯಿತು. ಐದು.

ಅಡುಗೆಯವರು ಒರೆಸುಬಟ್ಟೆ ಹೆಗಲಿಗೆ ಹಾಕಿಕೊಂಡು ಹೊರಟರು. ಗುಡಿಸುವವರು ಚೀಲ ಎತ್ತಿಕೊಂಡರು. ಎಷ್ಟೋ ವರ್ಷಗಳಿಂದ ಆ ಗಂಟೆ ಹೊಡೆದಾಗ ಎದ್ದವರು, ಇಂದೂ ಎದ್ದರು. ಗೇಟಿನ ಹೊರಗೆ ನಿಂತಿದ್ದ ಸಿಬ್ಬಂದಿಯ ಬಸ್ಸು ಅದೇ ಗಂಟೆಗೆ ಹೊರಡುವುದು, ಹೊರಟಿತು. ಇಸ್ತ್ರಿಯವಳ ಮನೆ ಹತ್ತಿರ. ಅವಳೊಬ್ಬಳು ಬಾಗಿಲಿಗೆ ಒರಗಿ ನಿಂತಿದ್ದಳು.

“ಏಳು ಪುಟ್ಟ” ಎಂದಳು ಅಕ್ಕ. “ಮಧ್ಯಾಹ್ನದಿಂದ ಒಂದು ಲೋಟ ನೀರೂ ಕುಡಿದಿಲ್ಲ. ಹಣೇಲಿ ಇಲ್ಲದ್ದು ಹಣಿಗೆ ಹಾಕಿ ಬಾಚಿದ್ರೆ ಬರುತ್ತಾ?”

ಅಷ್ಟರಲ್ಲಿ ಅವನ ಫೋನು ಬಡಿಯಿತು. ಆಡಳಿತಾಧಿಕಾರಿಗಳು. “ಏನಾಯ್ತು ನಿಮ್ಮದು? ಇನ್ನು ಹತ್ತೇ ನಿಮಿಷ. ಆಮೇಲೆ ಪುಟ ತಾನಾಗಿ ಮುಚ್ಚುತ್ತೆ. ಮತ್ತೆ ನನ್ನ ಕೇಳಬೇಡಿ.”

“ಹತ್ತು ನಿಮಿಷ ಕೊಟ್ರಾ ಸರ್?”

“ನಾನೆಲ್ಲಿ ಕೊಟ್ಟೆ? ಇನ್ನೂ ಐದಾಗಿಲ್ಲ ಕಣ್ರೀ!”

ಬೀಗದಣ್ಣ ಕೈಯನ್ನು ನೋಡಿಕೊಂಡ. ಗೋಡೆಯನ್ನು ನೋಡಿದ. ಅಕ್ಕನನ್ನು ನೋಡಿದ. ಚಿಕ್ಕಾಸ್ಪತ್ರೆಯ ಕಾವಲು ಕೊಡುವ ಚೀಟಿಯ ಮೇಲೆ ಹೊತ್ತೂ ಬರೆದಿರುತ್ತದೆ. ಐದು ನಿಮಿಷದ ಏರುಪೇರನ್ನು ದೊಡ್ಡಾಸ್ಪತ್ರೆಯ ಕಾವಲು ಮನ್ನಿಸುತ್ತದೆ. ಅದಕ್ಕಿಂತ ಹೆಚ್ಚಾದರೆ, ಇದು ಕಳ್ಳ ಚೀಟಿಯೆಂದು ಎಸೆಯುತ್ತದೆ. ಇಷ್ಟು ದಿನವೂ ಹನ್ನೊಂದು ಮಂದಿ ಇನ್ನೂ ಹುಟ್ಟದ ಗಳಿಗೆಯ ಚೀಟಿ ಹಿಡಿದು ಆ ಬಾಗಿಲನ್ನು ತಟ್ಟುತ್ತಿದ್ದರು.

“ಅಕ್ಕ, ಕೀಲಿ! ಪೆಟ್ಟಿಗೆ ಕೀಲಿ!”

“ಯಾವ ಪೆಟ್ಟಿಗೆ?”

“ಗಡಿಯಾರದ್ದು. ಹಿಂದಕ್ಕೆ ಹಾಕಬೇಕು. ಓಡು!”

ಮೊಣಕಾಲು ನೋವಿನ ಅಕ್ಕ ಓಡಿದಳು. ಮೇಟ್ರನ್ನಮ್ಮನ ಕೋಣೆಯಲ್ಲಿ ಈಗ ಮುರಿದ ಗಾಲಿಕುರ್ಚಿಗಳನ್ನು ತುಂಬಿದ್ದರು. ಅವನ್ನು ಸರಿಸಿ, ಪೆಟ್ಟಿಗೆ ತೆರೆದು, ಅವಳೇ ತಿರುಪನ್ನು ಹಿಂದಕ್ಕೆ ತಿರುಗಿಸಿದಳು. ಆ ತಿರುಪು ಹಿಂದಕ್ಕೆ ತಿರುಗಿದ್ದು ಅದೇ ಮೊದಲು. ಓಣಿಯುದ್ದಕ್ಕೂ ಗೋಡೆಯ ಗಡಿಯಾರಗಳು ಟಕ್ಕೆಂದು ತಡವರಿಸಿ ನಿಂತು, ಮತ್ತೆ ನಡೆದವು.

“ಹತ್ತು ನಿಮಿಷ ಹಿಂದಕ್ಕೆ ಹೋಯ್ತಾ?” ಎಂದಳು ಇಸ್ತ್ರಿಯವಳು. “ಹಂಗೇ ಒಂದಿಪ್ಪತ್ತು ವರ್ಷ ಹಾಕಕ್ಕಾ. ನಾನು ಮದುವೆಗೆ ಒಲ್ಲೆ ಅಂತೀನಿ.”

“ಹೋಗೇ, ಬಸ್ಸಿನವರನ್ನ ಕೂಗು!” ಎಂದ ಬೀಗದಣ್ಣ. ಅವಳು ಗೇಟಿನವರೆಗೆ ಓಡಿದಳು. ರಸ್ತೆ ಖಾಲಿಯಿತ್ತು.

ಅಕ್ಕ ತಮ್ಮ ಇಬ್ಬರೂ ಕಂಪ್ಯೂಟರಿನ ಮುಂದೆ ಬಂದು ಕುಳಿತರು. ಗೋಡೆಯ ಗಡಿಯಾರ ಸರಿಯಾಗಿತ್ತು. ಕಂಪ್ಯೂಟರಿನದು ಇನ್ನೂ ಹತ್ತು ನಿಮಿಷ ಮುಂದೆಯೇ ಇತ್ತು. ಯಾಕೆಂದರೆ ಕಂಪ್ಯೂಟರು ಪೆಟ್ಟಿಗೆಯನ್ನು ನೇರವಾಗಿ ಕೇಳುವುದಿಲ್ಲ. ಬೀಗ ಬಿದ್ದ ಕೋಣೆಯೊಳಗಿನ ಮುಖ್ಯ ಯಂತ್ರ ಕೇಳಬೇಕು. ಅದು ಕ್ಷಣಕ್ಷಣವೂ ಕೇಳುವುದಿಲ್ಲ, ತನಗೆ ತೋರಿದಾಗ ಕೇಳುತ್ತದೆ. ಆ ಬಾಗಿಲಿನ ಕೀಲಿ ಯಾರ ಸೊಂಟದಲ್ಲೂ ಇರಲಿಲ್ಲ. ಅವನು ಬಟ್ಟೆಕೋಣೆಯ ಕಂಪ್ಯೂಟರನ್ನು ಆರಿಸಿ ಹೊತ್ತಿಸಿದ. ಅಕ್ಕ ಹೆಸರು ಬರೆದಳು, ಪಾಸ್‌ವರ್ಡ್ ಬರೆದಳು. ಮತ್ತೆ ಕೇಳಿತು. ಮತ್ತೆ ಬರೆದಳು. ಮತ್ತೆ ಕೇಳಿತು.

“ಕಾಯೋಣ ಅಕ್ಕ. ಅದು ಕೇಳಬೇಕು.”

“ಕೇಳುತ್ತೆ ಬಿಡು. ಕೇಳೋನು ಕೇಳ್ತಾನೆ” ಎಂದಳು.

ಕಾದರು. ಹೊದಿಕೆಗಳ ನಡುವೆ ಸಾಬೂನಿನ ವಾಸನೆ ದಟ್ಟವಾಗಿತ್ತು. ರಸ್ತೆಯಾಚೆಯಿಂದ ದೊಡ್ಡಾಸ್ಪತ್ರೆಯ ಐದರ ಗಂಟೆ ಕೇಳಿಸಿತು. ಅದಾಗಿ ಎಷ್ಟೋ ಹೊತ್ತಿನ ಮೇಲೆ ಕಂಪ್ಯೂಟರಿನ ಮೂಲೆಯ ಅಂಕಿಗಳು ಕಣ್ಣುಮಿಟುಕಿಸಿದಂತೆ ಬದಲಾಗಿ ಸರಿಯಾದವು. ಅಕ್ಕ ಕೊನೆಯ ಸಲ ಬರೆದಳು. ಪುಟ ತೆರೆಯಿತು. ನೀಲಿ ಅಕ್ಷರಗಳಲ್ಲಿ ಸುಸ್ವಾಗತವೆಂದಿತ್ತು. ಅದರ ಮುಂದೆ ಅವಳ ಪೂರ್ಣ ಹೆಸರು, ತಂದೆ ಇಟ್ಟದ್ದು, ಆಸ್ಪತ್ರೆಯಲ್ಲಿ ಒಬ್ಬರೂ ಕರೆಯದೆ ಇದ್ದದ್ದು. ಅದರ ಕೆಳಗೆ ಒಂದೇ ಸಾಲು: ಆಯ್ಕೆಯ ಅವಧಿ ಮುಗಿದಿದೆ.

ಅಕ್ಕ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದಳು.

“ಹೆಸರಾದ್ರೂ ತಪ್ಪಿಲ್ಲದೆ ಬರೆದಿದಾರೆ” ಎಂದಳು.

ಸೋಮವಾರ ಬೀಗದಣ್ಣ ಆಡಳಿತಾಧಿಕಾರಿಗಳ ಮುಂದೆ ನಿಂತ. ಭಾನುವಾರವಿಡೀ ಅವನ ನಾಲಿಗೆಯ ತುದಿಯಲ್ಲಿ ಒಂದು ಮಾತು ಕುಳಿತಿತ್ತು: ದೋಷ ನಮ್ಮ ಕಡೆಯದು. ನಾಲ್ಕು ಶಬ್ದವಾದರೂ ಇಲ್ಲ. ಪರೀಕ್ಷಿಸಿ ನೋಡುವವರು ಆ ಆಸ್ಪತ್ರೆಯಲ್ಲಿ ಅವನ ಹೊರತು ಇನ್ನೊಬ್ಬರಿರಲಿಲ್ಲ. ಹೇಳಿದ್ದರೆ ಹನ್ನೊಂದು ಮಂದಿಗೆ ಇನ್ನೊಂದು ದಿನ ಬಾಗಿಲು ತೆರೆಯುತ್ತಿತ್ತು. ಅವನು ಬಾಯಿ ತೆರೆದ. ಬಂದದ್ದು ನಿಜ.

“ಗಡಿಯಾರ ಸರ್. ಅವರ ಗಡಿಯಾರ ಮುಂದಿತ್ತು. ನಾನು ಮೊದಲೇ ಹಿಡೀಬೇಕಿತ್ತು. ಹಿಡೀಲಿಲ್ಲ.”

ಆಡಳಿತಾಧಿಕಾರಿಗಳು ಪೆನ್ನನ್ನು ಕೆಳಗಿಟ್ಟರು. “ಅಂದ್ರೆ ಅವರೇ ಮುಂದಿಟ್ಕೊಂಡಿದ್ದು?”

“ಹೌದು ಸರ್. ತಡ ಆಗಬಾರದು ಅಂತ.”

“ನಮ್ಮ ಕಡೆ ಏನೂ ಇಲ್ಲ ಅಂತಾಯ್ತು.”

“ಅವರು ಬಾಗಿಲು ತಟ್ಟಿದ್ದು ನಿಜ ಸರ್. ಎಷ್ಟು ಸಲ ತಟ್ಟಿದಾರೆ ಅಂತ...”

“ನಮ್ಮ ಪುಟದಲ್ಲಿ ಅವರು ಬಂದ ಗುರುತೇ ಇಲ್ವಲ್ಲ.”

ಇರುವುದಿಲ್ಲ. ಹೊರಗೇ ಉಳಿದವರ ಗುರುತು ಒಳಗೆ ಇರುವುದಿಲ್ಲ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಾರು?

“ಒಳ್ಳೆ ಕೆಲಸ ಮಾಡಿದ್ರಿ, ಪತ್ತೆ ಹಚ್ಚಿದ್ರಲ್ಲ” ಎಂದರು ಅವರು, ಮನಸಾರೆ. ಪೆನ್ನನ್ನು ಎತ್ತಿಕೊಂಡರು.

ಸತ್ಯವನ್ನು ಆಡಿದವನ ಎದೆ ಹಗುರಾಗುವುದೆಂದು ನಾವು ಹೇಳುತ್ತೇವೆ, ಮಕ್ಕಳಿಗೆ ಕಲಿಸುತ್ತೇವೆ. ಅಂದು ರಸ್ತೆ ದಾಟುವಾಗ ಅವನ ಎದೆ ಹಗುರಾಗಿರಲಿಲ್ಲ. ತಾನು ನಿಜ ಹೇಳಿದ್ದು ದೇವರ ಭಯದಿಂದಲೋ, ಅಧಿಕಾರಿಯ ಭಯದಿಂದಲೋ ಎಂಬುದೂ ಅವನಿಗೆ ತಿಳಿಯಲಿಲ್ಲ. ಕರುಣಾಳುವಾದ ದೇವರು ಅದನ್ನು ಬಗೆಹರಿಸಿಕೊಡಲಿಲ್ಲ.

ಅಕ್ಕ ಬಟ್ಟೆಕೋಣೆಯಲ್ಲಿ ತನ್ನ ಸಾಮಾನು ಕಟ್ಟುತ್ತಿದ್ದಳು. ಒಂದು ಲೋಟ, ಒಂದು ಸೂಜಿಪೆಟ್ಟಿಗೆ, ಬೆನ್ನಿಗೆ ಇಟ್ಟುಕೊಳ್ಳುವ ಒಂದು ಮೆತ್ತೆ. ಅವನು ನಡೆದದ್ದನ್ನೆಲ್ಲ ಹೇಳಿದ.

ಅವಳು ಮೆತ್ತೆಯ ಕಡೆಗೇ ನೋಡುತ್ತ ಕೇಳಿದಳು: “ಒಂದು ಸುಳ್ಳು ಹೇಳೋಕೆ ಆಗ್ಲಿಲ್ವಾ ಪುಟ್ಟ?”

ಅವನು ಸೂಜಿಪೆಟ್ಟಿಗೆಯನ್ನು ಎತ್ತಿ ಅವಳ ಗಂಟಿನೊಳಗೆ ಇಟ್ಟ.

“ನಿನ್ನ ತಪ್ಪೇನು” ಎಂದಳು ಅವಳು, ಆಮೇಲೆ. “ಸುಳ್ಳು ಹೇಳಬೇಡ ಅಂತ ನಿನಗೆ ಕಲಿಸಿದವಳು ನಾನೇ. ಗಡಿಯಾರ ಒಂದು ಹೇಳಿದ್ರೆ ಪಾಪ ಇಲ್ಲ ಅಂದ್ಕೊಂಡಿದ್ದೆ.” ಸೊಂಟದಿಂದ ಪೆಟ್ಟಿಗೆಯ ಕೀಲಿಯನ್ನು ಬಿಚ್ಚಿ, ಮಡಿಸಿದ ಹೊದಿಕೆಗಳ ಮೇಲಿಟ್ಟಳು. ಇಸ್ತ್ರಿಯವಳು ಅಂದು ಒಂದೂ ಕುಚೋದ್ಯ ಆಡಲಿಲ್ಲ. ಅಕ್ಕನ ಗಂಟನ್ನು ಗೇಟಿನವರೆಗೆ ಹೊತ್ತು ತಂದಳು.

ಬೀಗದಣ್ಣನ ನೆಲಮಾಳಿಗೆಗೆ ಈಗಲೂ ಜನ ಬರುತ್ತಾರೆ. “ಕೂತ್ಕೊಳ್ಳಿ” ಎನ್ನುತ್ತಾನೆ, ಬಾಗಿಲಿನ ಮಾತನ್ನು ಈಗ ಆಡುವುದಿಲ್ಲ. ಕೈಗಡಿಯಾರವನ್ನು ಸರಿಯಾದ ಹೊತ್ತಿಗೆ ಇಟ್ಟುಕೊಂಡಿದ್ದಾನೆ. ಆದರೂ ಹತ್ತನ್ನು ಕಳೆಯುವ ರೂಢಿ ಕಣ್ಣಿನಿಂದ ಹೋಗಿಲ್ಲ. ಆದ್ದರಿಂದ ಜೀವಮಾನದಲ್ಲಿ ಮೊದಲ ಬಾರಿಗೆ, ಅವನು ಕೆಲವೊಮ್ಮೆ ತಡವಾಗಿ ಬರುತ್ತಾನೆ.

ಅಕ್ಕನನ್ನು ತನ್ನ ಮನೆಗೆ ಕರೆದ. ಅವನ ಹೆಂಡತಿಯೂ ಕರೆದಳು, ಮನಸ್ಸಿಟ್ಟೇ ಕರೆದಳು. ಅಕ್ಕ ಬರಲಿಲ್ಲ. ತನ್ನ ಎರಡು ಕೋಣೆಯ ಮನೆಯಲ್ಲಿ ಬೆಳಿಗ್ಗೆ ಎಂದಿನ ಹೊತ್ತಿಗೆ ಏಳುತ್ತಾಳೆ, ಮೀಯುತ್ತಾಳೆ, ತಲೆ ಬಾಚಿ, ಚಪ್ಪಲಿ ಮೆಟ್ಟಿಕೊಳ್ಳುವಷ್ಟು ಸಿದ್ಧಳಾಗಿ ಕುರ್ಚಿಯಲ್ಲಿ ಕೂರುತ್ತಾಳೆ. ಒಂದು ಭಾನುವಾರ ತಮ್ಮ ಹೋದಾಗ ಗೋಡೆಯ ಗಡಿಯಾರ ಇನ್ನೂ ಹತ್ತು ನಿಮಿಷ ಮುಂದೆಯೇ ಓಡುತ್ತಿತ್ತು. ಅವನು ಕುರ್ಚಿ ಎಳೆದು ಹತ್ತಲು ಹೋದ.

“ಇಳಿ, ಇಳಿ. ಬಿದ್ದೀಯ” ಎಂದಳು ಅಕ್ಕ. “ಅದು ಹಂಗೇ ಇರ್ಲಿ ಬಿಡು.”

“ಯಾಕಕ್ಕ? ಇನ್ನೆಲ್ಲಿಗೆ ಬೇಗ ಹೋಗಬೇಕು?”

“ಎಲ್ಲಿಗೂ ಇಲ್ಲ” ಎಂದಳು ಅವಳು. “ದಿನ ಒಂದು ಹತ್ತು ನಿಮಿಷ ಬೇಗ ಮುಗಿಯುತ್ತೆ, ಅಷ್ಟೇ.”